ಕರಿಬಸಮ್ಮನ ಬೈಗುಳ ಮತ್ತು ಕಾಡು ಸುವರ್ಣಗೆಡ್ಡೆ

ಹಂಗಳದಲ್ಲಿ ಯಾರ ಮನೆಯಲ್ಲಾದರೂ ಕಾಡು ಸುವರ್ಣಗೆಡ್ಡೆ ಒಲೆಗೇರುತ್ತದೆ ಎಂದರೆ, ಹುಣಸೆ ಸೊಪ್ಪು ತರುವುದಕ್ಕಿಂತ ಮೊದಲು ಕರಿಬಸಮ್ಮನಿಗೆ ಹೇಳಿಕಳಿಸುತ್ತಿದ್ದರು. ಹುಣಸೆ ಸೊಪ್ಪು ಯಾವ ಮರದಲ್ಲಾದರೂ ಸಿಗುತ್ತದೆ, ಕರಿಬಸಮ್ಮನ ಬಾಯಿ ಮಾತ್ರ ಊರಿಗೆಲ್ಲ ಒಂದೇ. ಅವಳು ಬಂದು ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿ, ಕುದಿಯುವ ಮಡಕೆಯನ್ನು ಬೈಯಬೇಕು. ಬೈದರೆ ಗೆಡ್ಡೆಯ ಕಡಿತ ಬೈಗುಳದ ಜೊತೆಗೇ ಹೋಗುತ್ತದೆ, ಬೈಯದಿದ್ದರೆ ತಿಂದವರ ಗಂಟಲಿಗೆ ಇಳಿಯುತ್ತದೆ ಎಂದು ಊರು ನಂಬಿತ್ತು. ನಂಬಿಕೆ ಎಂಬ ಮಾತು ಕೇಳಿದರೆ ಕರಿಬಸಮ್ಮನಿಗೆ ಉರಿಯುತ್ತಿತ್ತು. "ನಂಬ್ಕೆ ಅಂತೆ ನಂಬ್ಕೆ. ಬಯ್ಯದೆ ತಿಂದ್ನೋಡ್ಲಾ, ನಿನ್ ನಾಲ್ಗೆ ಎಮ್ಮೆ ನಾಲ್ಗೆ ಆಗ್ದೆ ಓದ್ರೆ ಕೇಳು" ಎನ್ನುತ್ತಿದ್ದಳು.

ಆ ಗೆಡ್ಡೆಯ ಜಾತಿಯೇ ಅಂಥದ್ದು. ಹಸಿಯಾಗಿ ನಾಲಿಗೆಗೆ ತಾಗಿದರೆ ಸಾಕು, ಬಾಯಿ ತುಂಬ ಸೂಜಿ ಚುಚ್ಚಿದಂತಾಗಿ ಗಂಟಲು ಊದಿಕೊಳ್ಳುತ್ತದೆ. ಅದನ್ನೇ ಹುಣಸೆ ಸೊಪ್ಪಿನ ಜೊತೆ ಚೆನ್ನಾಗಿ ಬೇಯಿಸಿ, ನೀರು ಬಸಿದು, ಕಾಯಿ ಖಾರ ಹಾಕಿ ಹುರಿದರೆ, ಹುಟ್ಟಿನಿಂದ ಮಾಂಸ ಮುಟ್ಟದವರೂ ಏನನ್ನೋ ಕದ್ದು ತಿಂದವರ ಮುಖ ಮಾಡಿಕೊಂಡು ಎಲೆಯಿಂದ ಏಳುತ್ತಿದ್ದರು. ಜೊತೆಗೆ ಅದು ಮೂಲವ್ಯಾಧಿಗೆ ಮದ್ದು ಎಂದು ಸುತ್ತಲ ಊರುಗಳಲ್ಲೆಲ್ಲ ಹೆಸರಾಗಿತ್ತು. ಆ ಕಾಯಿಲೆ ಯಾರಿಗೂ ಇರುವುದಿಲ್ಲವಲ್ಲ! ಗುಂಡ್ಲುಪೇಟೆಯಿಂದ ಗೆಡ್ಡೆ ಹುಡುಕಿಕೊಂಡು ಬರುವವರೆಲ್ಲ ತಮ್ಮ ಭಾವನಿಗೆ ಬೇಕು ಎಂದೇ ಕೇಳುತ್ತಿದ್ದರು. "ನಿಮ್ ಭಾವಂಗೆ ತಾನೆ? ಮತ್ತೆ ನೀವ್ಯಾಕ್ ನಿಂತೇ ಇದ್ದೀರಿ, ಕುಂತ್ಕಳಿ" ಎಂದು ಕರಿಬಸಮ್ಮ ಜಗಲಿ ತೋರಿಸುತ್ತಿದ್ದಳು. ಬಂದವರು ಕೂರುತ್ತಿರಲಿಲ್ಲ.

ಗೆಡ್ಡೆ ಹುಡುಕುವುದು ಕಣ್ಣಿನ ಕೆಲಸವಲ್ಲ, ಮೂಗಿನ ಕೆಲಸ. ಬೇಸಿಗೆಯ ಕೊನೆಯಲ್ಲಿ ಮೊದಲ ಮಳೆ ಬಿದ್ದ ಮೇಲೆ, ಕಾಡಂಚಿನ ಹಳ್ಳದ ದಡದಲ್ಲಿ ನೆಲ ಬಿರಿದು ಹೂವು ಮೇಲೇಳುತ್ತದೆ. ಎಲೆಯಿಲ್ಲ, ಕಾಂಡವಿಲ್ಲ; ಮಣ್ಣಿನಿಂದ ನೇರವಾಗಿ ಕಂದುಗೆಂಪು ಬಣ್ಣದ ದಪ್ಪ ಹೂವು, ನಡುವೆ ಉಬ್ಬಿದ ತಲೆ. ಸತ್ತು ಮೂರು ದಿನವಾದ ಹೆಗ್ಗಣದ ವಾಸನೆ. ದೇವರಿಗೆ ಏರಿಸುವ ಹಾಗಿಲ್ಲ, ಮುಡಿಯುವ ಹಾಗಿಲ್ಲ, ನೊಣಗಳನ್ನು ಬಿಟ್ಟರೆ ಅದಕ್ಕೆ ಗಿರಾಕಿಗಳಿಲ್ಲ. ಕರಿಬಸಮ್ಮ ಗಾಳಿ ಬಂದ ಕಡೆಗೆ ಮೂಗೊಡ್ಡಿ ಹೋಗಿ, ಹೂವಿನ ಪಕ್ಕ ಮೂರು ಕಲ್ಲು ಪೇರಿಸಿ ಗುರುತು ಮಾಡಿ ಬರುತ್ತಿದ್ದಳು. ಹೂವು ಬಾಡಿ, ಮಳೆಗಾಲದಲ್ಲಿ ಛತ್ರಿಯಂಥ ಎಲೆ ಬಂದು, ಅದೂ ಒಣಗಿ ಮಾಯವಾದ ಮೇಲೆ, ಚಳಿಗಾಲದಲ್ಲಿ ಕಲ್ಲಿನ ಗುರುತು ನೋಡಿ ಅಗೆಯಬೇಕು. ಅಷ್ಟರಲ್ಲಿ ಕಾಡುಹಂದಿಗೆ ಸಿಕ್ಕಿರದಿದ್ದರೆ ಗೆಡ್ಡೆ ಅವಳದು.

ಒಂದು ಬೇಸಿಗೆಯಲ್ಲಿ ಕಾಡಿನ ವಾಚರ್ ದೊರೆಸ್ವಾಮಿ ಇದೇ ವಾಸನೆ ಹಿಡಿದು, ಯಾರೋ ಆನೆ ಹೊಡೆದು ಹಾಕಿದ್ದಾರೆ ಎಂದು ಜೀಪು ಕರೆಸಿಬಿಟ್ಟ. ಬಂದೂಕು ಹಿಡಿದವರು, ಮೂಗಿಗೆ ಕರ್ಚೀಫು ಕಟ್ಟಿದವರು, ಎಲ್ಲರೂ ಪೊದೆಯಿಂದ ಪೊದೆಗೆ ಬಗ್ಗಿ ಬಗ್ಗಿ ಬಂದು ನೋಡಿದರೆ ಅಲ್ಲಿ ಒಂದು ಹೂವು, ಅದರ ಪಕ್ಕದಲ್ಲಿ ಕಲ್ಲು ಪೇರಿಸುತ್ತಿದ್ದ ಕರಿಬಸಮ್ಮ. "ಏನ್ ದೊರೆಸ್ವಾಮಿ, ಹೂ ಮುಡ್ಸಕ್ಕೆ ಇಷ್ಟು ಜನ ಕರ್ಕೊಂಡ್ ಬಂದಿದ್ದೀಯ?" ಎಂದಳಂತೆ. ಅದಾದ ಮೇಲೆ ದೊರೆಸ್ವಾಮಿ ಅವಳನ್ನು ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದ.

ಈ ಬೈಗುಳ ಅವಳ ಸ್ವಂತ ಸಂಪಾದನೆಯಲ್ಲ, ಅತ್ತೆ ಪುಟ್ಟಸಿದ್ದಮ್ಮನಿಂದ ಬಂದ ಆಸ್ತಿ. ಕರಿಬಸಮ್ಮ ಮದ್ದೂರಿನಿಂದ ಮದುವೆಯಾಗಿ ಬಂದಾಗ ಹದಿನಾರೋ ಹದಿನೇಳೋ ವಯಸ್ಸು. ಬಾಯಲ್ಲಿ ಬೆರಳಿಟ್ಟರೆ ಕಚ್ಚದ ಹುಡುಗಿ ಎಂದರೆ ಈಗ ಯಾರೂ ನಂಬುವುದಿಲ್ಲ. ಪುಟ್ಟಸಿದ್ದಮ್ಮ ಗೆಡ್ಡೆಯ ಮಡಕೆ ಒಲೆಗಿಟ್ಟು, ಸೊಸೆಯನ್ನು ಎದುರಿಗೆ ಕೂರಿಸಿ ಸೌದೆ ತಳ್ಳಲು ಹೇಳಿ, ಬಾಯಿ ತೆರೆಯುತ್ತಿದ್ದಳು. "ಮದ್ದೂರಿಂದ ಬಂದ ಮೂದೇವಿ, ನೀ ಕಾಲಿಕ್ದ ಗಳ್ಗೇಲಿ ನಮ್ಮನೆ ಹಸ ಬತ್ತೋಯ್ತು" ಎಂದು ಶುರುವಾದರೆ, ಮದ್ದೂರಿನ ಮಣ್ಣು, ಅಲ್ಲಿನ ನೀರು, ಹೆತ್ತವಳು, ಹೆಣ್ಣು ತೋರಿಸಿದವನು, ಎಲ್ಲರ ಬಾಗಿಲಿಗೂ ಹೋಗಿ ಬರುತ್ತಿತ್ತು. ಗೆಡ್ಡೆಯನ್ನು ಬೈಯುತ್ತಿದ್ದಾಳೋ ತನ್ನನ್ನು ಬೈಯುತ್ತಿದ್ದಾಳೋ ಎಂದು ಕೇಳುವ ಧೈರ್ಯ ಸೊಸೆಗಿರಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ. ಪ್ರತಿ ವರ್ಷ ಪಲ್ಯ ಚೆನ್ನಾಗಿ ಆಗುತ್ತಿತ್ತು, ಪ್ರತಿ ವರ್ಷ ಅವಳು ಹಿತ್ತಲಿಗೆ ಹೋಗಿ ಅಳುತ್ತಿದ್ದಳು.

ಅತ್ತೆ ತೀರಿಕೊಂಡ ವರ್ಷ ಗೆಡ್ಡೆ ಬೇಯಿಸುವಾಗ ಬೈಯುವವರು ಯಾರು ಎಂದು ಮನೆಯವರು ಮುಖ ಮುಖ ನೋಡಿಕೊಂಡರು. ಕರಿಬಸಮ್ಮ ಬಾಯಿ ತೆರೆದಳು. ಒಂದಕ್ಷರ ಆಚೀಚೆ ಆಗದ ಹಾಗೆ, "ಮದ್ದೂರಿಂದ ಬಂದ ಮೂದೇವಿ"ಯಿಂದ ಹಿಡಿದು ಕೊನೆಯ "ಎಕ್ಕುಟ್ಟೋಗ"ದವರೆಗೆ ಎಲ್ಲ ಬಂತು. ಬಾಯಿ ಹಾಗೆ ಒಮ್ಮೆ ತೆರೆದದ್ದು ಮತ್ತೆ ಮುಚ್ಚಲಿಲ್ಲ. ಕೋಳಿ, ನಾಯಿ, ಬಸ್ಸಿನ ಕಂಡಕ್ಟರು, ಗಂಡ ನಂಜುಂಡಪ್ಪ, ಎಲ್ಲರಿಗೂ ಅದರಲ್ಲಿ ಪಾಲು ಸಿಕ್ಕಿತು. ನಂಜುಂಡಪ್ಪ ಅವರಿವರ ಹೊಲದಲ್ಲಿ ಕೂಲಿ ಮಾಡಿ ಬಂದು, ಬೈಸಿಕೊಂಡು ಉಂಡು, ಸುಖವಾಗಿ ಮಲಗುತ್ತಿದ್ದ.

ಕಷ್ಟ ಬಂದದ್ದು ಮಗಳು ಭಾಗ್ಯಳಿಗೆ. ಮನೆಗೆ ಬೇಕಾದ ಮಾತನ್ನೆಲ್ಲ ಅವ್ವನೇ ಆಡಿ ಮುಗಿಸುತ್ತಿದ್ದುದರಿಂದ ಅವಳಿಗೆ ಆಡಲು ಏನೂ ಉಳಿದಿರಲಿಲ್ಲ. ನೋಡಲು ಬಂದ ಮೊದಲ ಗಂಡಿನ ಕಡೆಯವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ, ಕರಿಬಸಮ್ಮ ಹಿತ್ತಲಲ್ಲಿ ಪಕ್ಕದ ಮನೆಯ ಮೇಕೆಯ ವಂಶ ಬಿಡಿಸುತ್ತಿದ್ದದ್ದು ಕೇಳಿ, ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೋದರು. ಎರಡನೆಯವರು ಉಪ್ಪಿಟ್ಟು ತಿಂದು ಹೋದರು.

ಮೂರನೆಯದು ಹಾಗಲ್ಲ. ಹುಡುಗ ಶಶಿಕುಮಾರ, ಲೈನ್‌ಮನ್. ಗಾಳಿಗೆ ತಂತಿ ಹರಿದಾಗ ಅವರ ಮನೆಯ ಮುಂದಿನ ಕಂಬ ಹತ್ತಿದವನು, ಕೆಳಗೆ ನೀರಿನ ಚೊಂಬು ಹಿಡಿದು ನಿಂತಿದ್ದ ಭಾಗ್ಯಳನ್ನು ನೋಡಿ ಇಳಿಯುವುದನ್ನೇ ಮರೆತ. ಅದಾದ ಮೇಲೆ ಆ ಕಂಬಕ್ಕೆ ಬಂದಷ್ಟು ರಿಪೇರಿ ತಾಲ್ಲೂಕಿನ ಯಾವ ಕಂಬಕ್ಕೂ ಬರಲಿಲ್ಲ. ವಿಚಾರಿಸಿದರೆ ಅವರ ಜನವೇ, ಚಾಮರಾಜನಗರದ ಮನೆತನ. ಹುಡುಗನ ಅಪ್ಪ ಶಂಭುಲಿಂಗಪ್ಪ ಅಲ್ಲಿ ಯಾವುದೋ ಆಫೀಸಿನಲ್ಲಿ ಗುಮಾಸ್ತ. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ತಾನೇ ಸಹಿ ಹಾಕಿ ಜಿಲ್ಲೆ ಮಾಡಿಸಿದವನಂತೆ ಶಂಭುಲಿಂಗಪ್ಪ ಓಡಾಡುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿಕಳಿಸಿದ. ಜೊತೆಗೆ, "ನಿಮ್ಮ ಕಡೆ ಕಾಡು ಸುವರ್ಣಗೆಡ್ಡೆ ಚೆನ್ನಾಗಿರ್ತದಂತೆ, ಪಲ್ಯ ಮಾಡಿದ್ರೆ ಸಂತೋಷ. ಸುಮ್ನೆ ರುಚಿ ನೋಡಕ್ಕೆ" ಎಂದೂ ಹೇಳಿಸಿದ್ದ.

"ರುಚಿಯಂತೆ ರುಚಿ" ಎಂದು ಕರಿಬಸಮ್ಮ ಶುರು ಮಾಡಿದಳು. ಭಾಗ್ಯ ಅವ್ವನ ಕೈ ಹಿಡಿದುಕೊಂಡಳು.

"ಅವ್ವ, ಅವ್ರು ಬಂದು ಓಗೋ ಗಂಟ ಬಾಯ್ ಬುಡಬ್ಯಾಡ ಕಣವ್ವ. ಇದೂ ತಪ್ಪೋದ್ರೆ ನಾನು ಇನ್ಯಾರ ಮುಂದ್ಲೂ ತಟ್ಟೆ ಇಡ್ಕೊಂಡು ನಿಂತ್ಕಳಲ್ಲ."

ಭಾಗ್ಯ ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಕರಿಬಸಮ್ಮ ಅಂದೇ ಗೋಪಾಲಸ್ವಾಮಿ ಬೆಟ್ಟದ ಕಡೆ ತಿರುಗಿ ಹರಕೆ ಹೊತ್ತಳು. ಮನೆದೇವರು ಮಾದಪ್ಪ, ನಿಜ. ಆದರೆ ಮಾದಪ್ಪನ ಬೆಟ್ಟ ದೂರ, ಈ ಬೆಟ್ಟ ಹಿತ್ತಲಿನಿಂದಲೇ ಕಾಣುತ್ತದೆ; ತಪ್ಪು ಮಾಡಿದರೆ ಹೋಗಿ ಕಾಲು ಹಿಡಿಯಲು ಹತ್ತಿರ. "ಬೀಗ್ರು ಒಪ್ಪಿ ಬಸ್ ಅತ್ತೋ ಗಂಟ ಒಂದು ಬೈಗುಳ ನನ್ ಬಾಯಿಂದ ಬಿದ್ರೆ, ಈ ನಾಲ್ಗೆ ನೀನೇ ತಕ್ಕೊ ಸ್ವಾಮಿ" ಎಂದಳು. ಸ್ವಾಮಿಗೆ ಆ ನಾಲಿಗೆ ಬೇಕಿತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆ ಮನೆಯಾಗಿ ಉಳಿಯಲಿಲ್ಲ. ಬೈಯದೆ ಕೋಳಿಗಳು ಗೂಡು ಸೇರಲಿಲ್ಲ. ನಾಯಿ ತನ್ನ ಹೆಸರೇ ಮರೆತುಹೋದಂತೆ ಅಂಗಳದಲ್ಲಿ ನಿಂತು ಅವಳ ಮುಖ ನೋಡುತ್ತಿತ್ತು. ನಂಜುಂಡಪ್ಪನಿಗೆ ಉಂಡದ್ದು ಅರಗಲಿಲ್ಲ. "ಏನಾರ ಜ್ವರವಾ? ಗುಂಡ್ಲುಪೇಟೆ ಆಸ್ಪತ್ರೆಗೆ ಓಗನ ನಡಿ" ಎಂದು ದಿನಾ ಕೇಳುತ್ತಿದ್ದ. ಅವಳು ತುಟಿ ಬಿಗಿಹಿಡಿದು ಮುದ್ದೆ ತೊಳಸುತ್ತಿದ್ದಳು.

ಬೀಗರು ಬರುವ ದಿನ ಬೆಳಿಗ್ಗೆ ಗೆಡ್ಡೆ ಹೆಚ್ಚಿ, ಹುಣಸೆ ಸೊಪ್ಪು ತುಂಬಿ, ಮಡಕೆ ಒಲೆಗಿಟ್ಟಾಯಿತು. ಬೈಯುವುದು ಹೇಗೆ? ಹರಕೆ ಒಂದು ಕಡೆ, ಒಲೆ ಒಂದು ಕಡೆ. ಕರಿಬಸಮ್ಮ ಕೂತು ಯೋಚಿಸಿ ಒಂದು ಉಪಾಯ ಕಂಡುಕೊಂಡಳು. ಹರಕೆ ಬಾಯಿಗೆ, ಮನಸ್ಸಿಗಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ "ಮದ್ದೂರಿಂದ ಬಂದ ಮೂದೇವಿ" ಎಂದು ಶುರು ಮಾಡಿ, ಒಂದನ್ನೂ ಬಿಡದೆ ಕೊನೆಯ "ಎಕ್ಕುಟ್ಟೋಗ"ಕ್ಕೆ ಬಂದು ನಿಲ್ಲಿಸಿದಳು. ಎಂದಿನಂತೆ ಬೈಗುಳ ಮುಗಿದ ತಕ್ಷಣ ಮಡಕೆ ಇಳಿಸಿ, ನೀರು ಬಸಿದು, ಒಗ್ಗರಣೆ ಹಾಕಿದಳು. ಇವತ್ತು ಕೆಲಸ ಬೇಗ ಆಯಿತಲ್ಲ ಎಂದು ಅವಳಿಗೆ ಸಂತೋಷವೇ ಆಯಿತು.

ಬೀಗರು ಬಸ್ಸಿಳಿದು ಬಂದರು. ಶಂಭುಲಿಂಗಪ್ಪ ಬಸ್ಸಿನಲ್ಲಿ ಶುರು ಮಾಡಿದ ಮಾತನ್ನು ಜಗಲಿಯಲ್ಲೂ ಮುಂದುವರಿಸಿದ. ಜಿಲ್ಲೆಯಾದ ಮೇಲೆ ಬರುವ ಆಫೀಸುಗಳು, ಆ ಆಫೀಸುಗಳಿಗೆ ಬೇಕಾಗುವ ಗುಮಾಸ್ತರು, ಗುಮಾಸ್ತರಲ್ಲಿ ಹಿರಿಯನಾದ ತಾನು. ಚಾಪೆ ಹಾಸಿದರೂ ಒಂದು ಮಗ್ಗುಲಿಗೆ ಒರಗಿಯೇ ಕೂತ. ಅವನ ಹೆಂಡತಿ ನೀಲಾವತಿ ಎತ್ತರದ, ಬಿಗಿ ಮುಖದ ಹೆಂಗಸು. ಬಂದಾಗಿನಿಂದ ಒಂದು ಮಾತಾಡಿರಲಿಲ್ಲ. ಅವಳ ಮುಖ ನೋಡಿ ಕರಿಬಸಮ್ಮನಿಗೆ ಅತ್ತೆಯ ನೆನಪಾಯಿತು. ಪುಟ್ಟಸಿದ್ದಮ್ಮನೂ ಹೆಣ್ಣು ನೋಡಲು ಬಂದಾಗ ಹೀಗೆಯೇ ಬಾಯಿ ಬಿಡದೆ ಕೂತಿದ್ದಳು. ತನ್ನ ಮಗಳು ಈ ಹೆಂಗಸಿನ ಒಲೆಯ ಮುಂದೆ ಸೌದೆ ತಳ್ಳುತ್ತ ಕೂರುವುದು, ತಿರುಗಿ ಒಂದು ಮಾತು ಆಡಲು ಬಾರದೆ ಹಿತ್ತಲಿಗೆ ಹೋಗುವುದು, ಎಲ್ಲ ಕಣ್ಣಿಗೆ ಕಟ್ಟಿತು.

ಎಲೆ ಹಾಕಿದರು. ಶಂಭುಲಿಂಗಪ್ಪ ಬೇರೆ ಯಾವುದನ್ನೂ ಮುಟ್ಟದೆ ಗೆಡ್ಡೆ ಪಲ್ಯವನ್ನೇ ಮೂರು ಸಲ ಬಡಿಸಿಕೊಂಡ. "ನಮ್ಮ ಡಿಸ್ಟ್ರಿಕ್ಟ್ ಎಡ್‌ಕ್ವಾಟ್ರಸ್‌ನಲ್ಲಿ ಇಂಥದ್ದು..." ಎಂದವನು ಅಲ್ಲಿಗೇ ನಿಂತ. ಬಾಯಿ ತೆರೆದ, ಮಾತು ಬರಲಿಲ್ಲ. ಕಣ್ಣು ದೊಡ್ಡದಾಯಿತು, ತುಟಿ ಅದಕ್ಕಿಂತ ದೊಡ್ಡದಾಯಿತು. ಗಂಟಲು ಹಿಡಿದುಕೊಂಡು "ಅಗ್ಗ... ಅಗ್ಗ" ಎಂದ. ನಂಜುಂಡಪ್ಪ ಒಂದು ತುತ್ತಿಗೇ ಎದ್ದು ಹಿತ್ತಲಿಗೆ ಓಡಿದ. ಶಶಿಕುಮಾರನ ಕಣ್ಣಲ್ಲಿ ಧಾರಾಕಾರ ನೀರು. ಆದರೂ ಬಾಗಿಲ ಮರೆಯಲ್ಲಿದ್ದ ಭಾಗ್ಯಳ ಕಡೆ ನೋಡಿ ನಕ್ಕು, ಇನ್ನೊಂದು ತುತ್ತು ಬಾಯಿಗಿಟ್ಟ.

ಕರಿಬಸಮ್ಮ ಹುಣಸೆ ಹಣ್ಣು ಕಿವುಚಿದ ನೀರು ತಂದು ಶಂಭುಲಿಂಗಪ್ಪನ ಬಾಯಿಗೆ ಸುರಿದಳು. ಬೆಲ್ಲ ಕೊಟ್ಟಳು, ತುಪ್ಪ ಕೊಟ್ಟಳು. ಅವನು ಇನ್ನೂ "ಅಗ್ಗ" ಎನ್ನುತ್ತಲೇ ಇದ್ದ. ಮಗಳ ಮುಖ ನೋಡಿದಳು. ಅದು ಬಿಳಿಚಿಕೊಂಡಿತ್ತು. ಆಗ, ಸಂಕ್ರಾಂತಿಗೂ ಮೊದಲಿನಿಂದ ಕಟ್ಟಿಟ್ಟದ್ದು ಒಟ್ಟಿಗೇ ಒಡೆಯಿತು.

"ನಿನ್ ವಂಸ ಎಕ್ಕುಟ್ಟೋಗ ಗೆಡ್ಡೇನೇ, ನನ್ ಮಗಳ ಬಾಳಿಗೆ ಮಣ್ಣಾಕ್ಬುಟ್ಯಲ್ಲ! ನಿನ್ ಹೂವಿಗೆ ನೊಣ ಮುತ್ತ, ನಿನ್ನ ಹಂದಿ ತಿನ್ನ!" ಅಲ್ಲಿಗೆ ನಿಂತಿದ್ದರೆ ಉಳಿಯುತ್ತಿತ್ತೇನೋ. ಅವಳು ಶಂಭುಲಿಂಗಪ್ಪನ ಕಡೆ ತಿರುಗಿದಳು. "ರುಚಿ ನೋಡಕ್ಕಂತೆ, ರುಚಿ! ಬಂದಾಗ್ನಿಂದ ನೋಡ್ತಾವ್ನಿ, ಒಂದ್ ಮಗ್ಗುಲಲ್ಲೇ ಕುಂತಿದ್ದೀಯಲ್ಲ, ಕುಂಡಿ ನೋವು ಅಂತ ಬಾಯ್ಬುಟ್ ಏಳಕ್ಕೆ ನಿಂಗೇನಾಗಿತ್ತು? ಜಿಲ್ಲೆ ಆಯ್ತಂತೆ ಜಿಲ್ಲೆ! ಜಿಲ್ಲೆ ಆದ್ರೆ ಮೂಲವ್ಯಾದಿ ವಾಸಿ ಆಯ್ತದಾ?"

ಕರಿಬಸಮ್ಮನಿಗೆ ತಾನು ಏನು ಮಾಡಿದೆ ಎಂದು ಆಗ ತಿಳಿಯಿತು. ಹರಕೆ ಮುರಿದಿತ್ತು, ಸಂಬಂಧ ಮುರಿದಿತ್ತು. ಅವಳು ಗೋಡೆಗೊರಗಿ ಕುಸಿದು ಕೂತು, ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಪುಟ್ಟಸಿದ್ದಮ್ಮ ಹೋದ ಮೇಲೆ ಅವಳು ಅತ್ತದ್ದನ್ನು ಆ ಮನೆ ನೋಡಿರಲಿಲ್ಲ.

ಆಗ ಒಂದು ಸದ್ದು ಕೇಳಿಸಿತು. ನೀಲಾವತಿ ನಗುತ್ತಿದ್ದಳು. ಮೊದಲು ಸೆರಗು ಅಡ್ಡ ಹಿಡಿದು, ಆಮೇಲೆ ಸೆರಗು ಬಿಟ್ಟು, ಪಕ್ಕೆ ಹಿಡಿದುಕೊಂಡು ನಕ್ಕಳು.

"ಮದ್ವೆ ಆದಾಗ್ನಿಂದ ಈ ಗಂಡ್ಸು ಮಾತು ನಿಲ್ಸಿದ್ದ ನಾನು ನೋಡಿರ್ನಿಲ್ಲ ಕಣಕ್ಕ. ಒಂದ್ ಗಳ್ಗೆ ಅಂಗೇ ಬುಡಿ, ಕಿವಿಗೆ ತಂಪಾಗ್ಲಿ."

ಶಂಭುಲಿಂಗಪ್ಪ "ಅಗ್ಗ" ಎಂದು ಪ್ರತಿಭಟಿಸಿದ. ಅವನ ಪ್ರಾಣಕ್ಕೇನೂ ಅಪಾಯವಿಲ್ಲ ಎಂಬುದು ಅದರಿಂದ ಎಲ್ಲರಿಗೂ ಖಾತ್ರಿಯಾಯಿತು.

ಭಾಗ್ಯ ಅಷ್ಟು ಹೊತ್ತಿಗೆ ಒಳಗೆ ಹೋಗಿ ಪಾತ್ರೆಯಲ್ಲಿ ಉಳಿದ ಹೋಳು ಹಿಸುಕಿ ನೋಡಿ ಬಂದಿದ್ದಳು. "ಅವ್ವ, ಇದು ಬೆಂದಿಲ್ಲ. ಬಯ್ದ್ಯಾ?"

"ಮನಸಲ್ಲಿ ಬಯ್ದೆ ಕಣಮ್ಮಿ. ಒಂದೂ ಬುಡ್ನಿಲ್ಲ" ಎಂದಳು ಕರಿಬಸಮ್ಮ, ಸೆರಗಿನೊಳಗಿಂದ.

"ಮನಸಲ್ಲಿ ಬಯ್ಯಕ್ಕೆ ಎಷ್ಟೊತ್ತಾಯ್ತದೆ? ಬಾಯಲ್ಲಿ ಬಯ್ವಾಗ ನೀನು ಉಸ್ರು ತಕ್ಕತ್ತೀಯ, ಎಲಡ್ಕೆ ಉಗೀತೀಯ, ಮರ್ತೋದ್ರೆ ಮತ್ತೆ ಮೊದ್ಲಿಂದ ಬಯ್ತೀಯ. ಅಷ್ಟೊತ್ತೂ ಅದು ಬೇಯ್ತಿತ್ತು. ಇವತ್ತು ಅರ್ಧಕ್ಕೇ ಇಳಿಸ್ಬುಟ್ಟಿದ್ದೀಯ ಕಣವ್ವ."

"ಬೇಯೋದಂತೆ! ಅಂಗಂದ್ರೆ ನಾ ಬಯ್ದಿದ್ದೆಲ್ಲ ದಂಡವಾ?" ಕರಿಬಸಮ್ಮ ಅದನ್ನು ಒಪ್ಪಲಿಲ್ಲ. ಸಾಯುವವರೆಗೂ ಒಪ್ಪುವವಳಲ್ಲ.

"ಗೆಡ್ಡೆ ಇನ್ನೂ ಅದಾ?" ಎಂದು ನೀಲಾವತಿ ಕೇಳಿದಳು. ಹಸಿಗೆಡ್ಡೆ ಇನ್ನರ್ಧ ಉಳಿದಿತ್ತು. "ಅಂಗಾದ್ರೆ ಇಕ್ಕವ್ವ ಒಲೆಗೆ. ಬಸ್ಸಿಗಿನ್ನೂ ಒತ್ತದೆ. ಈ ಮನ್ಸನ ಕಾಯ್ಲೆಗೆ ಬಂದಿದ್ದೀವಿ, ಮದ್ದು ತಕ್ಕೊಂಡೇ ಓಗನ." ಆಮೇಲೆ ಭಾಗ್ಯಳ ಮುಖ ನೋಡಿ, "ನಿಮ್ಮವ್ವ ಸೋತವ್ಳೆ. ನಿಂಗ್ ಬತ್ತದಾ ಬಯ್ಯಕ್ಕೆ?" ಎಂದಳು.

ಭಾಗ್ಯ ಮಡಕೆ ತುಂಬಿ ಒಲೆಗಿಟ್ಟಳು. ಕೂತಳು. ಎದುರಿಗೆ ನೀಲಾವತಿ ತಾನೇ ಬಂದು ಕೂತು, ಸೌದೆ ಒಂದನ್ನು ಒಲೆಗೆ ತಳ್ಳಿದಳು. ಭಾಗ್ಯಳ ದನಿ ಮೊದಲು ಕೇಳಿಸಲೇ ಇಲ್ಲ. ಮೂರನೆಯ ಸಲಕ್ಕೆ ಕೇಳಿಸಿತು. "ಮದ್ದೂರಿಂದ ಬಂದ ಮೂದೇವಿ, ನೀ ಕಾಲಿಕ್ದ ಗಳ್ಗೇಲಿ ನಮ್ಮನೆ ಹಸ ಬತ್ತೋಯ್ತು..." ಅವ್ವನ ದನಿಯಲ್ಲ, ಅಜ್ಜಿಯ ದನಿಯಲ್ಲ, ಅವಳದೇ ಸಣ್ಣ ದನಿ, ಆದರೆ ಒಂದಕ್ಷರ ತಪ್ಪಲಿಲ್ಲ. ಗೋಡೆಗೊರಗಿದ್ದ ಕರಿಬಸಮ್ಮ ಸೆರಗು ತೆಗೆದು ನೋಡಿದಳು. ಬಾಯಿಯೇ ಇಲ್ಲ ಎಂದುಕೊಂಡಿದ್ದ ಮಗಳು ಇಷ್ಟು ವರ್ಷ ಎಲ್ಲವನ್ನೂ ಕೇಳಿಸಿಕೊಂಡೇ ಇದ್ದಳು.

ನೀಲಾವತಿ ಕೈ ಎತ್ತಿ ಭಾಗ್ಯಳನ್ನು ನಿಲ್ಲಿಸಿದಳು. "ಮದ್ದೂರಿನೋಳು ಯಾರು?"

ಭಾಗ್ಯ ತಲೆ ತಗ್ಗಿಸಿದಳು. "ನಮ್ಮವ್ವ. ಇದು ನಮ್ಮಜ್ಜಿ ನಮ್ಮವ್ವಂಗೆ ಬಯ್ತಿದ್ದುದ್ದು."

ನೀಲಾವತಿ ತಿರುಗಿ ಕರಿಬಸಮ್ಮನನ್ನು ನೋಡಿದಳು. ಅವಳ ಬಿಗಿ ಮುಖ ಹಾಗೇ ಸಡಿಲವಾಯಿತು. ಅವಳೂ ಒಂದು ಕಾಲಕ್ಕೆ ಯಾವುದೋ ಒಲೆಯ ಮುಂದೆ ಸೌದೆ ತಳ್ಳಿದವಳೇ ಇರಬೇಕು. ಆಮೇಲೆ ಭಾಗ್ಯಳ ಕಡೆ ತಿರುಗಿ ಹೇಳಿದಳು:

"ನಮ್ಮನೇಲಿ ಗೆಡ್ಡೆ ಇಕ್ಕುವಾಗ ಅಂಗನ್ಬ್ಯಾಡ ಕಣಮ್ಮಿ. ನಾನು ತೆರಕಣಾಂಬಿಯೋಳು. ತೆರಕಣಾಂಬಿಯಿಂದ ಬಂದ ಮೂದೇವಿ ಅಂತ ಶುರು ಮಾಡು. ಈಗ್ಲೇ ಒಂದ್ಸಲ ಅಂದ್ಬುಡು, ಬಾಯಿಗೆ ಅಭ್ಯಾಸ ಆಗ್ಲಿ."

ಭಾಗ್ಯ ಅವ್ವನ ಕಡೆ ನೋಡಿದಳು. ಊರಿಗೆಲ್ಲ ಬೈಗುಳ ಹಂಚಿದ ಕರಿಬಸಮ್ಮ ಎದ್ದು ಬಂದು ಒಲೆಗೆ ಇನ್ನೊಂದು ಸೌದೆ ತಳ್ಳಿದಳು. ಅನ್ನು ಎಂದು ತಲೆಯಾಡಿಸಿದಳು, ಅಷ್ಟೇ.